ಪುಟದ ಕೆಳಗೆ ಬರೆದ ಹೆಸರು

ಪುಟದ ಕೆಳಗೆ ಒಂದು ಗೆರೆ ಎಳೆದು, ಗೆರೆಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಈ ಮಾತಿಗೆ ಆಧಾರ ಇಂಥದ್ದು’ ಎಂದು ಬರೆಯುವ ಪದ್ಧತಿಯನ್ನು ನಾನು ಮೊದಲು ಕಂಡದ್ದು ಧಾರವಾಡದಲ್ಲಿ, ಶಾಲೆಗಳ ಪುಸ್ತಕ ನೋಡುವ ಒಬ್ಬ ಪಂಡಿತರ ಬಳಿ. ಅಲ್ಲಿಯವರೆಗೆ ನಾನು ಓದಿದ್ದರಲ್ಲೆಲ್ಲ ‘ಬಲ್ಲವರು ಹೇಳುತ್ತಾರೆ’ ಎಂದಷ್ಟೇ ಇರುತ್ತಿತ್ತು. ಯಾವ ಬಲ್ಲವರು ಎಂದು ಯಾರೂ ಕೇಳುತ್ತಿರಲಿಲ್ಲ. ಆ ಪದ್ಧತಿ ನಮ್ಮ ಸೀಮೆಗೆ ಬಾರದೇ ಇದ್ದಿದ್ದರೆ ನನ್ನ ಮಾಮಾ ಒಂದು ಮಳೆಗಾಲವನ್ನು ಧಾರವಾಡದ ಬಂದೀಖಾನೆಯಲ್ಲಿ ಕಳೆಯಬೇಕಾಗುತ್ತಿರಲಿಲ್ಲ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹಾಗೆ ಅಂದುಕೊಂಡರೆ ಸ್ವಲ್ಪ ಹೊತ್ತು ಹಗುರೆನಿಸುತ್ತದೆ, ಅಷ್ಟೇ. ಪದ್ಧತಿ ಯಾರದೇ ಇರಲಿ, ಬರೆದ ಕೈ ನನ್ನದು.

ನಾನು ಗಜೇಂದ್ರಗಡದವನು. ನಮ್ಮದು ಬರವಣಿಗೆಯ ಮನೆತನ. ಕಂಪನಿ ಸರಕಾರದ ಕನ್ನಡ ಶಾಲೆಗೆ ಮಾಸ್ತರನಾಗಿ ರೋಣಕ್ಕೆ ಬಂದಾಗ ನನಗೆ ಮೀಸೆ ಸರಿಯಾಗಿ ಬಂದಿರಲಿಲ್ಲ. ಅವ್ವನ ಅಣ್ಣ, ನನ್ನ ಸೋದರಮಾವ, ನರಗುಂದದ ವಾಡೆಯಲ್ಲಿದ್ದರು. ವಾಡೆ ಎಂದರೆ ಅಲ್ಲಿಯ ದೊರೆಗಳ ಅರಮನೆ. ಆ ದೊರೆಗಳಿಗೆ ಪುಸ್ತಕದ ಹುಚ್ಚು. ಕಾಶಿಯಿಂದ, ತಂಜಾವೂರಿನಿಂದ ಪ್ರತಿ ಮಾಡಿಸಿ ತರಿಸುತ್ತಿದ್ದರು. ಅವನ್ನೆಲ್ಲ ಕಾಯುವ, ಓದುವ, ಕೇಳಿದವರಿಗೆ ತೆಗೆದು ತೋರಿಸುವ ಕೆಲಸ ಮಾಮಾನದು. ತಾವೂ ದೊಡ್ಡ ವಿದ್ವಾಂಸರು. ಸಂಸ್ಕೃತ, ಕನ್ನಡ, ಮೋಡಿ ಅಕ್ಷರದ ಮರಾಠಿ, ಮೂರರಲ್ಲೂ ನೀರು ಕುಡಿದಂತೆ ಓದುತ್ತಿದ್ದರು. ಬೇಸಿಗೆಯಲ್ಲಿ ಕೆಂಪು ಬಟ್ಟೆಯ ಗಂಟುಗಳನ್ನು ಬಿಚ್ಚಿ, ಹಾಳೆಗಳನ್ನು ಮಾಳಿಗೆಯ ನೆರಳಲ್ಲಿ ಗಾಳಿಗೆ ಹರವಿ, ಹುಳ ಬೀಳದಂತೆ ನಡುನಡುವೆ ಬಜೆಯ ಬೇರು ಇಟ್ಟು ಮತ್ತೆ ಕಟ್ಟುತ್ತಿದ್ದರು. ನಾನು ಶಾಲೆಗೆ ರಜೆ ಬಿಟ್ಟಾಗೆಲ್ಲ ನರಗುಂದದ ಕಡೆ ಹೋಗುವ ಗಾಡಿ ಹಿಡಿಯುತ್ತಿದ್ದೆ. ಮಾಮಾನಿಗೆ ಮಕ್ಕಳಿರಲಿಲ್ಲ. ಮಾಮಿ ನನ್ನನ್ನು ನೋಡಿದ ಕೂಡಲೇ ಒಲೆಗೆ ಇನ್ನೊಂದು ಕಟ್ಟಿಗೆ ಸರಿಸುತ್ತಿದ್ದಳು.

ಗಜೇಂದ್ರಗಡದ ಕೋಟೆ, ಅದರ ಸುತ್ತಲಿನ ಸೀಮೆ, ಯಾರು ಯಾವಾಗ ಆಳಿದರು, ಯಾವ ಗುಡಿ ಯಾರು ಕಟ್ಟಿಸಿದರು, ಇದನ್ನೆಲ್ಲ ಕನ್ನಡದಲ್ಲಿ ಒಂದು ಪುಸ್ತಕ ಮಾಡಬೇಕೆಂಬ ಆಸೆ ನನಗೆ ಹುಟ್ಟಿದ್ದು ಆ ಮಾಳಿಗೆಯ ಮೇಲೆಯೇ. ಮಾಮಾ ಹಳೆಯ ಕಾಗದ ಓದಿ ಅರ್ಥ ಹೇಳುವರು, ನಾನು ಬರೆದುಕೊಳ್ಳುವೆ. ಎರಡು ಮೂರು ವರ್ಷ ಹೀಗೆ ನಡೆಯಿತು. ಶಾಲೆಗೆ ಕನ್ನಡದಲ್ಲಿ ಇತಿಹಾಸದ ಪುಸ್ತಕವೇ ಇಲ್ಲದ ಕಾಲ. ಧಾರವಾಡದಲ್ಲಿ ಒಂದು ಕಲ್ಲಚ್ಚಿನ ಛಾಪಖಾನೆ ಇತ್ತು. ಅಲ್ಲಿ ಛಾಪಿಸಬೇಕಾದರೆ ಮೊದಲು ಆ ಪಂಡಿತರು ಒಪ್ಪಬೇಕು.

ಪಂಡಿತರು ನನ್ನ ಬರಹವನ್ನು ಕೊನೆಯವರೆಗೂ ಓದಿ ಮರಳಿ ಕೈಗಿಟ್ಟರು.

“ಭಾಷಾ ಚಲೋ ಅದ. ಆದರ ಇದಕ್ಕೆಲ್ಲ ಆಧಾರ ಎಲ್ಲಿ ಅವ?”

“ಹಳೇ ಗ್ರಂಥ ಅವರಿ. ಕಾಗದ ಅವ. ಕೆಲವು ಹಿರಿಯರು ಹೇಳಿದ್ದು.”

“ಯಾವ ಗ್ರಂಥ, ಯಾರ ಮನ್ಯಾಗ ಅದ, ಬರೀರಿ. ಹಿರಿಯರು ಹೇಳಿದ್ದಾದರ ಯಾವ ಹಿರಿಯರು, ಅವರ ಹೆಸರು ಬರೀರಿ. ಹೆಸರಿಲ್ಲದ ಬಾಯಿ ಆಧಾರ ಆಗೂದಿಲ್ಲ.” ಆಮೇಲೆ ತಮ್ಮ ಹತ್ತಿರವಿದ್ದ ಒಂದು ಇಂಗ್ಲಿಷ್ ಪುಸ್ತಕ ತೆರೆದು ಪುಟದ ಕೆಳಗಿನ ಗೆರೆ, ಗೆರೆಯ ಕೆಳಗಿನ ಸಣ್ಣ ಅಕ್ಷರ ತೋರಿಸಿದರು. “ಹಿಂಗ.”

ನನಗೆ ಆ ಪದ್ಧತಿ ಬಹಳ ಹಿಡಿಸಿತು. ಪುಸ್ತಕದೊಳಗೇ ಋಣ ಒಪ್ಪಿಕೊಳ್ಳಲು ಒಂದು ಜಾಗ ಮಾಡಿಟ್ಟಿದ್ದಾರಲ್ಲ ಎನ್ನಿಸಿತು. ಸೀದಾ ನರಗುಂದಕ್ಕೆ ಹೋದೆ. ಮಾಮಾ ಬೇಸರಿಸದೆ ಒಂದೊಂದು ಮಾತಿಗೂ ಗ್ರಂಥದ ಹೆಸರು, ಅದು ಎಷ್ಟನೆಯ ಗಂಟಿನಲ್ಲಿದೆ ಎಂಬುದನ್ನು ಹೇಳಿ ಬರೆಸಿದರು. ಕೊನೆಗೆ ಕೆಲವು ಸಂಗತಿ ಉಳಿದವು. ಅವು ಯಾವ ಗ್ರಂಥದಲ್ಲೂ ಇರಲಿಲ್ಲ. ವಾಡೆಯ ಖಾಸಗಿ ಕಾಗದಗಳನ್ನು ನೋಡಿ ಮಾಮಾ ಬಾಯಿಂದ ಹೇಳಿದವು.

“ಇವಕ್ಕ ನಿಮ್ಮ ಹೆಸರು ಹಾಕ್ತೀನಿ ಮಾಮಾ,” ಎಂದೆ.

“ಬ್ಯಾಡ.”

“ಯಾಕ್ರಿ?”

“ಗ್ರಂಥದ ಹೆಸರು ಬರಿ, ಎಷ್ಟ ಬೇಕಾದಷ್ಟ ಬರಿ. ನನ್ನ ಹೆಸರು ಬ್ಯಾಡ. ನಾ ಈ ವಾಡೇದ ಅನ್ನ ಉಣ್ಣಾಂವ. ಒಳಗಿನ ಕಾಗದದ ಮಾತು ಹೊರಗ ಹೇಳಿದಾಂವ ಅಂತ ಆಗಬಾರದು.”

“ನೀವು ಗುಟ್ಟೇನ ಹೇಳೀರಿ? ಕೋಟಿ ಮ್ಯಾಲಿನ ಹೊಂಡ ಯಾರು ಕಡಿಸಿದ್ರು ಅಂತ ಹೇಳೀರಿ.”

“ಹೊಂಡಾನ ಇರಲಿ. ಹೆಸರು ಬ್ಯಾಡ ತಮ್ಮಾ.”

ಇದನ್ನು ನಾನು ಹಿರಿಯರ ಸಂಕೋಚ ಎಂದುಕೊಂಡೆ. ದೊಡ್ಡವರು ಮೊದಲು ಬೇಡ ಎನ್ನುತ್ತಾರೆ, ಆಮೇಲೆ ಮನಸ್ಸಿನಲ್ಲಿ ಸಂತೋಷ ಪಡುತ್ತಾರೆ ಎಂದು ನನ್ನ ಲೆಕ್ಕ. ಅಲ್ಲದೆ ಹೆಸರು ಹಾಕದಿದ್ದರೆ ಪಂಡಿತರು ಆ ಭಾಗಗಳನ್ನೇ ತೆಗೆಯುತ್ತಿದ್ದರು. ಅವು ಪುಸ್ತಕದ ಜೀವಾಳ. ಬಿಡಲು ಮನಸ್ಸಾಗಲಿಲ್ಲ. ಸಣ್ಣ ಅಕ್ಷರದಲ್ಲಿ ಮಾಮಾನ ಪೂರ್ತಿ ಹೆಸರು ಬರೆದು, ‘ನರಗುಂದದ ವಾಡೆಯ ಪುಸ್ತಕಾಧಿಕಾರಿಗಳು, ವಾಡೆಯ ಹಳೆಯ ಕಾಗದಪತ್ರಗಳನ್ನೆಲ್ಲ ಬಲ್ಲವರು’ ಎಂದು ಸೇರಿಸಿದೆ. ಹೀಗೆ ಒಂದು ಕಡೆಯಲ್ಲ, ಆರೇಳು ಪುಟಗಳಲ್ಲಿ. ‘ಎಲ್ಲ’ ಎಂಬ ಮಾತು ಪ್ರೀತಿಯಿಂದ ಬಂದದ್ದು.

ಪುಸ್ತಕ ಛಾಪಿಸಿ ಬಂದಾಗ ಮೊದಲ ಪ್ರತಿ ಹಿಡಿದು ನರಗುಂದಕ್ಕೆ ಓಡಿದೆ. ಮಾಮಾ ಕೂತಲ್ಲೇ ಹಾಳೆ ತಿರುವಿದರು. ಒಂದು ಪುಟದ ಕೆಳಗೆ ಬಂದು ಅವರ ಕಣ್ಣು ನಿಂತದ್ದು ನನಗೆ ಕಂಡಿತು. ಮತ್ತೊಂದು ಪುಟ. ಮತ್ತೊಂದು. ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ.

“ಬರದಬಿಟ್ಟಿ,” ಎಂದರು. “ಇರಲಿ. ಛಾಪಿಸಿ ಆಗೇದ.”

ಮಾಮಿಗೆ ಮಾತ್ರ ಹಿಗ್ಗು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಹೆಸರು ಎಲ್ಲೆಲ್ಲಿದೆ ಎಂದು ನನ್ನಿಂದ ತೋರಿಸಿಕೊಂಡು, ಓಣಿಯ ಹೆಂಗಸರಿಗೆ ಪುಟ ತೆರೆದು ತೋರಿಸಿ ಬಂದಳು. ಆ ದಿನ ಊಟಕ್ಕೆ ಕೂತಾಗ ಮಾಮಾ ಎಂದಿನಂತೆ ಮಾತಾಡಿದರು. ಪುಸ್ತಕದ ಮಾತು ಮಾತ್ರ ಎತ್ತಲಿಲ್ಲ. ನಾನು ರಜೆ ಮುಗಿಯುವ ಮೊದಲೇ ರೋಣಕ್ಕೆ ಹೊರಟುಬಂದೆ.

ಮುಂದಿನ ಬೇಸಿಗೆಯ ಕೊನೆಗೆ ನರಗುಂದದಲ್ಲಿ ಗಲಾಟೆಯಾಯಿತು. ದೊರೆಗಳು ಕಂಪನಿಗೆ ತಿರುಗಿಬಿದ್ದದ್ದು, ಪಲ್ಟನ್ ಬಂದು ಕೋಟೆ ಹಿಡಿದದ್ದು ಎಲ್ಲರಿಗೂ ತಿಳಿದದ್ದೇ. ರೋಣದಲ್ಲಿ ನಮಗೆ ಮೊದಲು ಕಂಡದ್ದು ಗಾಡಿಗಳು. ಹೊಳೆಆಲೂರ ಕಡೆಗೆ, ಸವಡಿ ಕಡೆಗೆ, ಸಾಮಾನು ಹೇರಿಕೊಂಡು ಜನ ಹೊರಟಿದ್ದರು. ಎರಡು ದಿನ ಬಿಟ್ಟು ಮಾಮಾ, ಮಾಮಿ ಕಾಲ್ನಡಿಗೆಯಲ್ಲಿ ನನ್ನ ಮನೆಗೆ ಬಂದರು. ಮಾಮಾನ ಕೈ ಬರಿದಾಗಿತ್ತು.

“ಪುಸ್ತಕ?” ಎಂದೆ. ಮೊದಲು ಜೀವ ಉಳಿಯಿತೇ ಎಂದು ಕೇಳಬೇಕಿತ್ತು.

ಮಾಮಾ ತಲೆ ಅಲ್ಲಾಡಿಸಿದರು. ಮಾಮಿಯೇ ಹೇಳಿದಳು. ವಾಡೆಗೆ ಲೂಟಿಯವರು ನುಗ್ಗಿದ್ದರು. ಬಟ್ಟೆಯ ಆಸೆಗೆ ಗಂಟು ಬಿಚ್ಚಿ ಹಾಳೆ ಅಂಗಳಕ್ಕೆ ಸುರಿದರು. ಕೆಲವು ಗಾಳಿಗೆ ಹೋದವು, ಕೆಲವಕ್ಕೆ ಬೆಂಕಿ ಬಿತ್ತು. ಮಾಮಾ ಒಳಗೆ ಹೋಗಲು ನೋಡಿದಾಗ ಮಾಮಿ ಅವರ ಧೋತರದ ಸೆರಗು ಹಿಡಿದು ಎಳೆದುಕೊಂಡು ಬಂದಿದ್ದಳು.

ಕೆಲವು ವಾರ ಅವರು ನನ್ನ ಮನೆಯ ಪಡಸಾಲೆಯಲ್ಲಿ ಸುಮ್ಮನೆ ಕೂತು ಕಳೆದರು. ಆಗ ಕಂಪನಿಯವರು ವಾಡೆಯ ಸಂಬಂಧದವರನ್ನೆಲ್ಲ ವಿಚಾರಿಸುತ್ತಿದ್ದರು. ದೊರೆಗಳು ಯಾರ ಯಾರಿಗೆ ಪತ್ರ ಬರೆದಿದ್ದರು, ಒಳಗಿನ ಕಾಗದ ಎಲ್ಲಿ ಹೋದವು ಎಂಬುದು ಅವರಿಗೆ ಬೇಕಿತ್ತು. ಇದು ನನ್ನ ಕಿವಿಗೂ ಬಿದ್ದಿತ್ತು. ಆದರೆ ಅದಕ್ಕೂ ಕೋಟೆ ಗುಡಿಗಳ ನನ್ನ ಪುಸ್ತಕಕ್ಕೂ ಏನು ಸಂಬಂಧವೆಂದು ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ಶಾಲೆ ನಡೆದಿರುವಾಗ ಒಬ್ಬ ಜಮಾದಾರ ಮೂವರು ಸವಾರರೊಡನೆ ಬಂದ. ಅವನ ಕೈಯಲ್ಲಿ ನನ್ನ ಪುಸ್ತಕವಿತ್ತು. ಕಚೇರಿಯ ಯಾರೋ ಓದಿ, ಬೇಕಾದ ಪುಟಕ್ಕೆ ಗುರುತು ಹಾಕಿ ಕಳಿಸಿದ್ದರು.

“ಇದು ನಿಂದ ಏನು?”

“ಹೌದ್ರಿ.”

ಜಮಾದಾರ ಗೆರೆಯ ಕೆಳಗಿನ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟ. “ಕಾಗದಪತ್ರ ಎಲ್ಲಾ ಬಲ್ಲವರು ಅಂತ ಬರದೀಯಂತ. ಯಾರಿಂವ?”

“ನಮ್ಮ ಸೋದರಮಾವರಿ.”

“ಎಲ್ಲಿ ಅದಾನ?”

“ನಮ್ಮ ಮನ್ಯಾಗರಿ.”

ಇಡೀ ರೋಣಕ್ಕೆ ಅದು ಗೊತ್ತಿತ್ತು. ನಾನು ಹೇಳದಿದ್ದರೆ ಮೂಲೆಯ ಅಂಗಡಿಯವನು ಹೇಳುತ್ತಿದ್ದ. ಆದರೂ ಅಷ್ಟು ಬೇಗ ಹೇಳಬೇಕಾಗಿರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಮಾಸ್ತರಿಕೆಯ ಚಾಳಿಯೋ, ಹೆದರಿಕೆಯೋ, ನಾಲಿಗೆ ತಾನೇ ಆಡಿತು. ಮನೆಗೆ ಹೋದಾಗ ಮಾಮಾ ಬಾಗಿಲಲ್ಲೇ ನಿಂತಿದ್ದರು. ಜಮಾದಾರನ ಕೈಯಲ್ಲಿದ್ದ ಪುಸ್ತಕ ನೋಡಿದರು. ನನ್ನ ಮುಖ ನೋಡಲಿಲ್ಲ. ಒಳಗೆ ಹೋಗಿ ಹೊದಿಕೆ ತಂದು ಸವಾರರ ಜೊತೆ ನಡೆದರು. ಮಾಮಿ ನನ್ನನ್ನು ಕೇಳಿದಳು: “ಆ ಪುಸ್ತಕದಾಗ ನಾ ಎಲ್ಲಾರಿಗೂ ತೋರಿಸಿದ್ನಲ್ಲ, ಅದನ್ನ ನೋಡಿ ಬಂದ್ರೇನು?”

ನಾನು ಮುಖ ತಿರುಗಿಸಿದೆ. ಅವಳಿಗೆ ತಿಳಿಯಿತು.

ಆ ಮಳೆಗಾಲದಲ್ಲಿ ಧಾರವಾಡಕ್ಕೆ ಎಷ್ಟು ಸಲ ಹೋದೆನೋ. ಎರೆಮಣ್ಣಿನ ಹಾದಿ ಕೆಸರಾಗಿ ಗಾಡಿಯ ಗಾಲಿ ಹೂತುಹೋಗುತ್ತಿದ್ದವು, ಇಳಿದು ನಡೆಯುತ್ತಿದ್ದೆ. ಕಚೇರಿಯಲ್ಲಿ ಒಬ್ಬ ಶಿರಸ್ತೇದಾರ ಈ ವಿಚಾರಣೆ ನೋಡಿಕೊಳ್ಳುತ್ತಿದ್ದ. ಕ್ರೂರಿಯೇನಲ್ಲ. ನಾನು ಕೈಮುಗಿದು ಹೇಳಿದೆ, ಮಾಮಾ ಕಾವ್ಯ ಪುರಾಣ ಓದಿಕೊಂಡಿದ್ದವರು, ರಾಜಕಾರಣದ ಕಾಗದ ಅವರಿಗೆ ತಿಳಿಯದು ಎಂದು.

ಅವನು ನನ್ನ ಪುಸ್ತಕ ತೆಗೆದು ಮುಂದಿಟ್ಟ. “ಇಲ್ಲಿ ಎಲ್ಲಾ ಬಲ್ಲವರು ಅಂತ ನೀನ ಬರದಿ. ಈಗ ತಿಳಿಯೂದಿಲ್ಲ ಅಂತಿ. ಯಾವುದು ಖರೇ?”

“ಅದು… ಹಿರಿಯರಿಗೆ ಗೌರವಕ್ಕ ಬರದದ್ದರಿ.”

“ಅಂದ್ರ ಸುಳ್ಳು?”

ಶಿರಸ್ತೇದಾರ ಒಂದು ಖಾಲಿ ಹಾಳೆ ನನ್ನ ಕಡೆ ಸರಿಸಿದ.

“ಸುಳ್ಳಾದರ ಸುಳ್ಳು ಅಂತ ಜಬಾನಿ ಬರದ ಕೊಡು. ನಾ ಸಾಹೇಬರ ಮುಂದ ಇಡ್ತೀನಿ. ಖರೇ ಅಂದ್ರ ಆತ ಹೇಳೂತನಕ ಇಲ್ಲೇ ಇರಲಿ.”

ಹೇಳಲು ಮಾಮಾನ ಹತ್ತಿರ ಏನೂ ಇರಲಿಲ್ಲ ಎಂದು ನನಗೆ ಗೊತ್ತಿತ್ತು. ಅಲ್ಲಿಯೇ ಕೂತು ಜಬಾನಿ, ಎಂದರೆ ಹೇಳಿಕೆ, ಬರೆದೆ. ನನ್ನ ಪುಸ್ತಕದಲ್ಲಿ ಪುಟದ ಕೆಳಗೆ ಬರೆದ ಟಿಪ್ಪಣಿಗಳು ನಂಬತಕ್ಕವಲ್ಲ. ಬಂಧುವೆಂಬ ಅಭಿಮಾನಕ್ಕೆ, ಪುಸ್ತಕಕ್ಕೆ ತೂಕ ಬರಲೆಂದು ಆ ಹೆಸರು ಹಾಕಿದ್ದೇನೆ. ನನ್ನ ಮಾವ ಪುಸ್ತಕದ ಗಂಟು ಕಟ್ಟುವ ಬಿಚ್ಚುವ ಚಾಕರಿಯವನು, ಒಳಗಿನ ವಿಷಯ ತಿಳಿದವನಲ್ಲ. ಹೀಗೆ ಬರೆದು ಸಹಿ ಮಾಡಿದೆ. ನನಗೆ ಮೋಡಿ ಓದಲು ಕಲಿಸಿದವರು ಅವರು. ಆ ಜಬಾನಿಯನ್ನೂ ಮೋಡಿಯಲ್ಲೇ ಬರೆದೆ, ಕಚೇರಿಗೆ ಅದೇ ಬೇಕಾಗಿತ್ತು.

ನವರಾತ್ರಿ ಮುಗಿದ ಮೇಲೆ ಮಾಮಾನನ್ನು ಬಿಟ್ಟರು. ಸೊರಗಿದ್ದರು, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಗಾಡಿ ನವಲಗುಂದ ದಾಟಿತು. ಇಕ್ಕೆಲಗಳಲ್ಲಿ ಹಿಂಗಾರಿ ಜೋಳ ಬಿತ್ತುವವರು ಕೂರಿಗೆ ಹೂಡಿದ್ದರು. ಆಮೇಲೆ ಅವರೇ ಹೇಳಿದರು:

“ನೀ ಬರದಕೊಟ್ಟದ್ದನ್ನ ನನಗ ಓದಿ ಹೇಳಿದ್ರು.”

“ಬ್ಯಾರೆ ಹಾದಿ ಇರಲಿಲ್ಲ ಮಾಮಾ.”

“ಇರಲಿಲ್ಲ ಅಂತ ನನಗೂ ಗೊತ್ತದ.” ಬಿತ್ತುವವರ ಕಡೆ ನೋಡುತ್ತ, “ಭಾಷಾ ಚಲೋ ಇತ್ತು. ಶಿರಸ್ತೇದಾರ ಮೆಚ್ಚಿಕೊಂಡ,” ಎಂದರು.

ಅದು ವ್ಯಂಗ್ಯವೋ ನಿಜವೋ ಇವತ್ತಿಗೂ ತಿಳಿಯದು. ನರಗುಂದದ ಗುಡ್ಡ ಕಂಡಾಗ ಅವರು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು ಮಲಗಿದರು. ಎತ್ತುಗಳಿಗೆ ನೀರು ಕುಡಿಸಲು ಊರ ಹೊರಗೆ ಗಾಡಿ ನಿಂತಾಗಲೂ ಏಳಲಿಲ್ಲ. ನಿದ್ದೆ ಮಾಡುತ್ತಿರಲಿಲ್ಲ, ಹೊದಿಕೆಯ ಕೆಳಗೆ ಕಾಲ ಬೆರಳು ಅಲುಗುತ್ತಿದ್ದವು.

ರೋಣದಲ್ಲಿ ನನ್ನ ಜೊತೆ ಇರಲು ಅವರು ಒಪ್ಪಲಿಲ್ಲ. ಗಜೇಂದ್ರಗಡಕ್ಕೆ ಹೋಗಿ ಅವ್ವನ ಮನೆಯಲ್ಲಿ ಉಳಿದರು. ಮುಂದೆ ಯಾರಿಗೂ ಏನೂ ಓದಿ ಹೇಳಲಿಲ್ಲ. ಮುಶಿಗೇರಿಯಿಂದ ಒಬ್ಬ ರೈತ ತನ್ನ ಅಜ್ಜನ ಕಾಲದ ಹೊಲದ ಸನದು ಓದಿಸಲು ಬಂದಾಗ, “ನನಗ ಕಣ್ಣ ಕಾಣೂದಿಲ್ಲ,” ಎಂದು ಕಳಿಸಿದರಂತೆ. ಕಣ್ಣು ಚೆನ್ನಾಗಿಯೇ ಇದ್ದವು.

ಇತ್ತ ಪುಸ್ತಕದ ಪ್ರತಿಗಳು ತೀರಿದ್ದವು. ಶಾಲೆಗಳಿಂದ ಬೇಡಿಕೆ ಇತ್ತು. ಎರಡನೆಯ ಸಲ ಛಾಪಿಸಲು ಪಂಡಿತರ ಹತ್ತಿರ ಹೋದರೆ ಅವರ ಮುಖ ಬಿಗಿದಿತ್ತು. ಜಬಾನಿಯ ಸುದ್ದಿ ಅವರಿಗೆ ಮುಟ್ಟಿತ್ತು.

“ಟಿಪ್ಪಣಿ ನಂಬತಕ್ಕವಲ್ಲ ಅಂತ ನೀವ ಬರದಕೊಟ್ಟೀರಿ. ಮತ್ತ ಅವನ್ನ ಹ್ಯಾಂಗ ಛಾಪಿಸೂದು? ತಗೀರಿ ಎಲ್ಲಾ.”

“ಮೇಲಿನ ಮಾತರಿ? ಅವೂ ಅದೇ ಆಧಾರದ ಮ್ಯಾಲೆ ನಿಂತಾವು.”

“ಅವು ಇರಲಿ. ಓದಾಕ ಚಲೋ ಅವ. ಸಾಲಿಗೆ ಸಾಕು.”

ಬೇಡ, ಛಾಪಿಸುವುದೇ ಬೇಡ ಎಂದು ಬರಬಹುದಾಗಿತ್ತು. ಬರಲಿಲ್ಲ. ಮಾಮಾನಿಗೂ ಹೆಸರು ಬೇಡವೇ ಆಗಿತ್ತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಗೆರೆಗಳೂ ಗೆರೆಯ ಕೆಳಗಿನ ಅಕ್ಷರಗಳೂ ಹೋಗಿ ಪುಟಗಳು ಚೊಕ್ಕವಾದವು. ಕೋಟೆಯ ಮೇಲಿನ ಹೊಂಡದ ವಿಷಯದಲ್ಲಿ ಎರಡು ಮತಗಳಿದ್ದವು. ಒಂದನ್ನು ನಾನು ಮೇಲೆ ಬರೆದು, ಅದಕ್ಕೆ ವಿರುದ್ಧವಾಗಿ ಮಾಮಾ ಒಂದು ಹಳೆಯ ಕಾಗದದಿಂದ ಹೇಳಿದ್ದನ್ನು ಕೆಳಗೆ ಅವರ ಹೆಸರಿನಲ್ಲಿ ಕೊಟ್ಟಿದ್ದೆ. ಅವರದೇ ಸರಿ ಎಂದು ನನಗೆ ಆಗಲೇ ಅನುಮಾನವಿತ್ತು. ಈಗ ಮೇಲಿನದೊಂದೇ ಉಳಿಯಿತು.

ಆ ಚೊಕ್ಕವಾದ ಪುಸ್ತಕವೇ ಊರೂರಿಗೆ ಹೋಯಿತು. ಅದರ ಪುಟಗಳನ್ನು ಎತ್ತಿಕೊಂಡು ಬೇರೆ ಪಾಠದ ಪುಸ್ತಕಗಳು ಬಂದವು. ಅವುಗಳಲ್ಲಿ ಕೆಲವು ನನ್ನ ಹೆಸರು ಹೇಳಲಿಲ್ಲ, ಅದಕ್ಕೆ ನನಗೆ ಬೇಸರವೂ ಆಗಲಿಲ್ಲ. ಹೇಳಿದವರು ಮಾತ್ರ ನನ್ನ ನಿದ್ದೆ ಕೆಡಿಸಿದರು. ‘ಇದಕ್ಕೆ ರೋಣದ ಮಾಸ್ತರರೇ ಆಧಾರ’ ಎಂದು ಪುಟದ ಕೆಳಗೆ ಬರೆಯತೊಡಗಿದರು. ಮೂಲ ಗ್ರಂಥಗಳು ಸುಟ್ಟಿದ್ದವು, ಅವನ್ನು ಓದಿದವರು ಬಾಯಿ ಮುಚ್ಚಿದ್ದರು. ಹೀಗಾಗಿ ಕೇಳಿ ಬರೆದುಕೊಂಡ ನಾನೇ ಮೂಲವಾದೆ.

ಹಳೆಯ ಶಾಸನ, ಕಾಗದ ಕೂಡಿಸುತ್ತಿದ್ದ ಒಬ್ಬ ವಿದ್ವಾಂಸರು ಮಾತ್ರ ಮೊದಲ ಛಾಪಿನ ಪುಸ್ತಕ ನೋಡಿದ್ದರು. ರೋಣಕ್ಕೆ ಬಂದು, ಕೆಳಗಿನ ಹೆಸರಿನವರು ಇನ್ನೂ ಇದ್ದಾರೆಯೇ ಎಂದು ಕೇಳಿದರು. ನನಗೆ ಜೀವ ಬಂದಂತಾಯಿತು. ಆ ದಿನವೇ ಗಾಡಿ ಹೂಡಿಸಿ ಗಜೇಂದ್ರಗಡಕ್ಕೆ ಕರೆದುಕೊಂಡು ಹೋದೆ. ಮಾಮಾ ಕಟ್ಟೆಯ ಮೇಲೆ ಕೂತಿದ್ದರು. ವಿದ್ವಾಂಸರು ನಮಸ್ಕಾರ ಮಾಡಿ, ಹೊಂಡದ ಕಾಗದದಲ್ಲಿ ಏನಿತ್ತು ಎಂದು ಬಹಳ ಮರ್ಯಾದೆಯಿಂದ ಕೇಳಿದರು.

“ನನಗೇನು ತಿಳೀತದರಿ,” ಎಂದರು ಮಾಮಾ. “ನಾ ಗಂಟ ಕಟ್ಟಾಂವ.”

“ಮಾಮಾ, ಈಗ ಹೆದರಿಕಿ ಇಲ್ಲ. ಇವರು ಕಚೇರಿಯವರಲ್ಲ,” ಎಂದೆ.

“ಹೆದರಿಕಿ ಅಲ್ಲೋ. ನೀ ಬರದಕೊಟ್ಟೀಯಲ್ಲ. ಸಹಿ ಮಾಡೀಯಲ್ಲ.” ದನಿಯಲ್ಲಿ ಸಿಟ್ಟಿರಲಿಲ್ಲ. ಬಂದವರಿಗೆ ಮಜ್ಜಿಗೆ ಕೊಡಲು ಮಾಮಿಗೆ ಕೂಗಿ ಹೇಳಿದರು. ವಿದ್ವಾಂಸರು ಮಜ್ಜಿಗೆ ಕುಡಿದು ಮರಳಿದರು. ಅವರ ಪುಸ್ತಕದಲ್ಲೂ ಆಮೇಲೆ ನನ್ನ ಹೆಸರೇ ಬಂತು.

ಅವರು ಹೋದ ಮೇಲೆ ನಾನು ಮಾಮಾನ ಕಾಲು ಹಿಡಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, “ಏಳು, ಮಂದಿ ನೋಡ್ತಾರ,” ಎಂದರು. ಕ್ಷಮಿಸಿದೆ ಎನ್ನಲಿಲ್ಲ. ನಿನ್ನ ತಪ್ಪು ಎಂದೂ ಅನ್ನಲಿಲ್ಲ. ಅದಾದ ಮೇಲೆ ನಾಲ್ಕಾರು ವರ್ಷ ಬದುಕಿದ್ದು, ಒಂದು ಜ್ವರದಲ್ಲಿ ತೀರಿಕೊಂಡರು.

ಮಾಮಿಯನ್ನು ನಾನು ರೋಣಕ್ಕೆ ಕರೆತಂದೆ. ಪುಸ್ತಕ ಮೂರನೆಯ ಸಲ ಛಾಪಾಗುವಾಗ ಹಳೆಯ ಟಿಪ್ಪಣಿಗಳನ್ನೆಲ್ಲ ಮರಳಿ ಹಾಕಿ, ಕಚೇರಿಗೆ ಕೊಟ್ಟ ಜಬಾನಿ ಸುಳ್ಳು, ಟಿಪ್ಪಣಿ ಖರೆ ಎಂದು ಮುನ್ನುಡಿಯಲ್ಲಿ ಬರೆಯಲು ನಿಶ್ಚಯಿಸಿದೆ. ನೌಕರಿಗೆ ಸಂಚಕಾರ ಬರಬಹುದು ಎಂದು ಹೆಂಡತಿ ಹೆದರಿದಳು. ಮಾಮಿಯನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು.

“ಬರಿ,” ಎಂದಳು. “ಈಗ ಹಿಡಕೊಂಡ ಹೋಗಾಕ ಅವರಿಲ್ಲಲ್ಲ.”

ಬರೆದೆ. ನೌಕರಿಗೆ ಏನೂ ಆಗಲಿಲ್ಲ, ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ಶಾಲೆಗಳಿಗೆ ಬೇರೆ ಪುಸ್ತಕಗಳು ಬಂದಿದ್ದವು. ಎಲ್ಲರ ಕಪಾಟಿನಲ್ಲೂ ಇರುವುದು ಎರಡನೆಯ ಛಾಪು. ಹೊಂಡವನ್ನು ಯಾರು ಕಡಿಸಿದರು ಎಂದು ನಮ್ಮ ಸೀಮೆಯ ಮಕ್ಕಳನ್ನು ಕೇಳಿದರೆ ಈಗಲೂ ನಾನು ಮೇಲೆ ಬರೆದ ಹೆಸರನ್ನೇ ಹೇಳುತ್ತವೆ. ಪರೀಕ್ಷೆಗೆ ಬಂದ ಸಾಹೇಬರ ಮುಂದೆ ನನ್ನ ಶಾಲೆಯ ಹುಡುಗನೊಬ್ಬ ಹಾಗೆ ಹೇಳಿದಾಗ ಅವರು ಶಾಭಾಸ್ ಎಂದರು. ಅದು ತಪ್ಪಿರಬಹುದು ಎಂದು ನಾನು ಎದ್ದು ಹೇಳಿದೆ. ತಪ್ಪೆನ್ನಲು ಆಧಾರವೇನು ಎಂದು ಅವರು ಕೇಳಿದರು. ಮಾಮಾನ ಹೆಸರು ಹೇಳಿದೆ. ಅವರು ಅದನ್ನು ಬರೆದುಕೊಳ್ಳದೆ ಮುಂದಿನ ಹುಡುಗನನ್ನು ಎಬ್ಬಿಸಿದರು.